ನಾಲ್ಕನೆಯ ಗುಂಡಿ

ಮಂಗಳವಾರ, ಹದಿನೆಂಟು

ಐವತ್ತೆರಡು. ಈ ಸಂಖ್ಯೆ ತಲೆಯಿಂದ ಹೋಗುತ್ತಲೇ ಇಲ್ಲ.

ಶಾಲೆ ಕಟ್ಟಲಿರುವ ಆ ಜಾಗ ಸಮುದ್ರಕ್ಕೆ ಮಣ್ಣು ಸುರಿದು ಮಾಡಿದ್ದು. ನೆಲದ ಗಟ್ಟಿತನ ಅಳೆಯಲು ಕೊರೆಸಿದ ಮೊದಲ ಮೂರು ಗುಂಡಿಗಳಲ್ಲಿ ಸುತ್ತಿಗೆಯ ನಾಲ್ಕೈದು ಪೆಟ್ಟಿಗೇ ಕೊಳವೆ ಒಂದಡಿ ಇಳಿದಿತ್ತು. ನಾಲ್ಕನೆಯದರಲ್ಲಿ ಐವತ್ತೆರಡು ಪೆಟ್ಟು ಬಿದ್ದರೂ ಜಗ್ಗಲಿಲ್ಲ. ಬಿಸಿಲು, ಹಸಿವು ಬೇರೆ. "ಗಟ್ಟಿ ನೆಲ" ಎಂದು ಬರೆದು ಸಹಿ ಹಾಕಿ ಬಂದುಬಿಟ್ಟೆ.

ರಾತ್ರಿ ಊಟದ ಹೊತ್ತಿಗೆ ಅಮ್ಮನ ಕೈಯಿಂದ ಪಾತ್ರೆಯ ಮುಚ್ಚಳ ಜಾರಿ ಠಣ್ ಎಂದಿತು. ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದೆ. ಆ ಗುಂಡಿಯಲ್ಲೂ ಸುತ್ತಿಗೆ ಹೀಗೇ ಠಣ್ ಎಂದಿತ್ತು! ಮಣ್ಣು ಎಷ್ಟೇ ಗಟ್ಟಿಯಿದ್ದರೂ ದಪ್ ಎನ್ನುತ್ತದೆ. ಠಣ್ ಎಂದದ್ದು ಮಣ್ಣಿನ ಜೊತೆ ತಂದು ಸುರಿದ ಯಾವುದೋ ಒಡೆದ ಕಟ್ಟಡದ ಕಾಂಕ್ರೀಟ್ ತುಂಡು. ಅದರ ಕೆಳಗೆ ಮತ್ತದೇ ಕೆಸರು.

"ಏನೇ, ತಟ್ಟೆ ಮುಂದೆ ಧ್ಯಾನಕ್ಕೆ ಕೂತ್ಯಾ?" ಎಂದಳು ಅಮ್ಮ.

ಕೈ ತೊಳೆದವಳೇ ಡ್ರಿಲ್ಲಿಂಗ್ ಮೇಸ್ತ್ರಿಗೆ ಫೋನ್ ಮಾಡಿದೆ. "ನಾಳೆ ಮಿಷನ್ ಎತ್ತಬೇಡಿ. ನಾಲ್ಕನೇದರ ಪಕ್ಕ ಇನ್ನೊಂದು ಕೊರೀಬೇಕು" ಎಂದೆ. ರೇಗುತ್ತಾರೆ ಎಂದುಕೊಂಡಿದ್ದೆ.

"ಸದ್ದು ಕೇಳಿದಾಗ್ಲೇ ನಂಗೆ ಗೊತ್ತಾಯ್ತು ಮೇಡಂ, ಅದು ಕಾಂಕ್ರೀಟೇ ಅಂತ. ನೀವಾಗ್ಲೇ ಬರೆದುಬಿಟ್ಟಿದ್ರಲ್ಲ, ಅದಕ್ಕೆ ಸುಮ್ನಾದೆ."

ಸದ್ಯ, ಬಚಾವಾದೆ ಎನ್ನಿಸಬೇಕಿತ್ತು. ಆದರೆ ಮಗ್ಗುಲು ಬದಲಿಸಿ ಬದಲಿಸಿ ಸಾಕಾಗಿ ಎದ್ದು ಇದನ್ನು ಬರೆಯುತ್ತಿದ್ದೇನೆ. ಆ ಮೇಸ್ತ್ರಿಯ ಜೊತೆ ಇದು ನನ್ನ ಆರನೆಯ ಸೈಟು. ಉಳಿದ ಐದೂ ಕಡೆ ಕಟ್ಟಡ ಎದ್ದಿದೆ, ಜನ ಒಳಗೆ ಮಲಗಿದ್ದಾರೆ. ಅಲ್ಲೆಲ್ಲ ನಾನು ತಪ್ಪು ಬರೆದದ್ದನ್ನು ನೋಡಿಯೂ ಅವರು ಎಷ್ಟು ಸಲ ಸುಮ್ಮನಾಗಿದ್ದರೋ.