ಒಲೆ ಹತ್ತಿಸಬೇಡಿ, ಮೇಸ್ತ್ರಿಗಳೇ

ರೀ,

ನಾನು ಬಸ್ಸಲ್ಲಿ ಟಿಕೆಟ್ ಹರಿಯೋಕೆ ಹೊರಟೆ. ಸಂಜೆ ನಾನು ಡ್ಯೂಟಿ ಮುಗಿಸಿ ಬರೋ ಮೊದಲೇ ನಿಮ್ಮಕ್ಕ ಬರ್ತಾರೆ. ಅಲ್ಲಿವರೆಗೆ ಫ್ರಿಜ್ಜಲ್ಲಿರೋ ಚೀಸ್‌ಕೇಕ್ ಕಾಯೋದು ನಿಮ್ಮ ಜವಾಬ್ದಾರಿ.

ಒಲೆ ಹತ್ತಿಸಬೇಡಿ. ಇದು ಬೇಯಿಸದೇ ಮಾಡೋ ಕೇಕು, ತಣ್ಣಗಿದ್ದೇ ಗಟ್ಟಿಯಾಗುತ್ತೆ. ಹೋದ ಸಲ ಹಸಿಹಸಿಯಾಗಿದೆ ಅಂತ ನೀವು ಬಿಸಿ ಮಾಡಿದಿರಿ. ನಿಮ್ಮಕ್ಕ ಅದನ್ನ ಲೋಟದಲ್ಲಿ ಕುಡಿದು, "ಜ್ಯೂಸ್ ಚೆನ್ನಾಗಿದೆ ಕಣೋ, ಕೇಕ್ ಎಲ್ಲಿ?" ಅಂದರು. ಆ ಮಾತು ಇನ್ನೂ ನನ್ನ ಕಿವಿಯಲ್ಲಿ ಗುಂಯ್‌ಗುಡ್ತಿದೆ. ಈ ಸಲ ಕೇಕು ನೆಟ್ಟಗೆ ನಿಲ್ಲದಿದ್ರೆ ನನ್ನ ಮಾನ ಮೂರು ಕಾಸಿಗೆ ಹೋಗುತ್ತೆ.

ನೀರು ಚಿಮುಕಿಸಬೇಡಿ. ಅದು ನೀವು ಕಟ್ಟಿದ ಗೋಡೆಯಲ್ಲ, ಕ್ಯೂರಿಂಗ್ ಬೇಡ.

ಸುತ್ತಲಿನ ತಗಡಿನ ಬಳೆ ನಾನೇ ಬಂದು ಬಿಚ್ತೀನಿ. "ಸೆಂಟ್ರಿಂಗ್ ಬಿಚ್ಚೋದು ನನಗೇ ಹೇಳ್ಕೊಡ್ತೀಯಾ?" ಅಂತ ಗೊಣಗಿದರೂ ಸರಿ, ಕೈ ಹಚ್ಚಬೇಡಿ.

ಬಿಸ್ಕತ್ತು ಕುಟ್ಟಿ, ಬೆಣ್ಣೆ ಕಲಸಿ ತಳ ಹಾಕಿಕೊಟ್ಟಿದ್ದು ನೀವೇ. ಪಾಯ ಭದ್ರವಾಗಿದೆ, ಒಪ್ಪಿಕೊಂಡೆ. ಅದಕ್ಕೇ ಎಬ್ಬಿಸಿ ಜಗಳ ಆಡದೆ ಚೀಟಿ ಬರೀತಿದ್ದೀನಿ.

ಯಾವ ಜಗಳ ಅಂತೀರಾ? ನಿನ್ನೆ ಕದ್ದು ಒಂದು ತುಂಡು ತಿಂದು, ಆ ಜಾಗಕ್ಕೆ ಡಬ್ಬಿಯಲ್ಲಿದ್ದ ಕೆನೆ ಮೆತ್ತಿ, ಕರಣೆಯಲ್ಲಿ ಮಟ್ಟ ಮಾಡಿ, ಏನೂ ಅರಿಯದ ಕೂಸಿನ ಹಾಗೆ ಮಲಗಿದಿರಲ್ಲ, ಅದು. ಕೆಲಸವೇನೋ ಅಚ್ಚುಕಟ್ಟು. ಕಣ್ಣಿಗೆ ಒಂದು ಗೆರೆ ಕಾಣಲ್ಲ.

ಮೂಗಿಗೆ ಗೊತ್ತಾಗುತ್ತೆ. ಆ ಡಬ್ಬಿಯಲ್ಲಿದ್ದದ್ದು ಕೆನೆಯಲ್ಲ, ಅರೆದಿಟ್ಟ ಬೆಳ್ಳುಳ್ಳಿ.

ಅಲ್ಲಿ ಒಂದು ಕಡ್ಡಿ ಚುಚ್ಚಿದ್ದೀನಿ. ಆ ತುಂಡು ನಿಮ್ಮದು. ನಿಮ್ಮಕ್ಕನ ಎದುರಿಗೇ, "ಆಹಾ" ಅಂತ ತಿನ್ನಬೇಕು.