ಲಕ್ಕವ್ವನ ಹೆಸರಿನ ಕರಪತ್ರ

ಕೊಣ್ಣೂರ
೧೪ ನವೆಂಬರ್ ೨೦೨೪, ಗುರುವಾರ

ಮಹಾಂತೇಶ, ಶರಣು.

ನೀನು ಕಳಿಸಿದ ಕರಪತ್ರದ ಕರಡು ಓದಿದೆ. ಅಚ್ಚಿಗೆ ಹೋಗದಿದ್ದರೆ ಇವತ್ತೇ ತಡೆ. ಮೂಡಲಗಿಯ ಪ್ರೆಸ್ಸಿನಿಂದ ಬಂದಾಗಿದ್ದರೆ ಕಟ್ಟು ಬಿಚ್ಚದೆ ಸುಟ್ಟುಬಿಡು. ಹುಕ್ಕೇರಿ ಸಂತೆಯಲ್ಲಿ ಒಂದು ಹಾಳೆಯೂ ಹಂಚಬಾರದು. ಫೋನ್ ಮಾಡಬಹುದಿತ್ತು. ಆದರೆ ನಮ್ಮದು ಎರಡು ಕೋಣೆಯ ಮನೆ, ಆಯಿಯ ಕಿವಿ ಇನ್ನೂ ಚುರುಕು. ಪಕ್ಕದ ಮನೆಯ ಸಪ್ನಾ ಕಾಲೇಜಿಗೆ ಆ ಕಡೆ ಬರುತ್ತಾಳೆ, ಅವಳ ಕೈಯಲ್ಲಿ ಕಳಿಸುತ್ತಿದ್ದೇನೆ.

‘ಎಪ್ಪತ್ತೊಂದು ವರ್ಷದ ಶರಣೆ ಲಕ್ಕವ್ವನವರಿಗೆ ಮಾಂಸ ತಿನ್ನಿಸಿದ ವಿದೇಶಿ ವಿಮಾನ ಕಂಪನಿಗೆ ಧಿಕ್ಕಾರ’ ಎಂದು ಆಯಿಯ ಹೆಸರಿನಲ್ಲಿ ತಲೆಬರಹ ಕೊಟ್ಟಿದ್ದೀ. ವಿಮಾನ ಬದಲಿಸುವ ಊರಿನಿಂದ ಫೋನಿನಲ್ಲಿ ಅಳುತ್ತಾ ನಿನಗೆ ಹಾಗೆ ಹೇಳಿದವಳು ನಾನೇ. ಅದು ಸುಳ್ಳು. ತಿನ್ನಿಸಿದವಳು ನಾನು.

ಆಕ್ಲೆಂಡಿನ ಕನ್ನಡ ಸಂಘದವರು ಆಯಿಯನ್ನು ವಚನ ಹಾಡಲು ಕರೆದಾಗ ಟಿಕೆಟ್ ಅವರೇ ತೆಗೆದರು. ಕಂಪನಿಯ ಹೆಸರಿಗೆ ನಮ್ಮಿಬ್ಬರ ನಾಲಿಗೆಯೂ ಹೊರಳಲಿಲ್ಲ. ಊಟದ ಆಯ್ಕೆ ಮಾತ್ರ ನಮಗೆ ಬಿಟ್ಟಿದ್ದರು. ಹುಕ್ಕೇರಿಯ ಕಂಪ್ಯೂಟರ್ ಅಂಗಡಿಯಲ್ಲಿ ಕುಳಿತು ನಾನೇ ಫಾರ್ಮ್ ತುಂಬಿದೆ. ಪಟ್ಟಿಯಲ್ಲಿ ಸಸ್ಯಾಹಾರ ಎಂದಿತ್ತು. ಪರದೇಶದವರು ತತ್ತಿಯನ್ನೂ ಸಸ್ಯಾಹಾರಕ್ಕೇ ಸೇರಿಸುತ್ತಾರೆಂದು ಕೇಳಿದ್ದೆ, ಅದಕ್ಕೆ ಬಿಟ್ಟೆ. ಕೆಳಗೆ ‘ಹಿಂದೂ ಊಟ’ ಎಂದಿತ್ತು. ಅದನ್ನು ಒತ್ತಿದೆ. ಜಾತಿಗಣತಿಯಲ್ಲಿ ಧರ್ಮದ ಕಾಲಂ ಎದುರು ಹಿಂದೂ ಎಂದು ಬರೆಸಬೇಡಿ, ಲಿಂಗಾಯತ ಎಂದು ಬರೆಸಿ ಎಂದು ನಿಡಸೋಸಿ ಕ್ರಾಸಿನಲ್ಲಿ ಗಂಟಲು ಹರಿದುಕೊಂಡವಳು ನಾನು. ಹೊಟ್ಟೆಯ ಪ್ರಶ್ನೆ ಬಂದಾಗ ಆ ಪದವನ್ನೇ ನಂಬಿದೆ.

ಮೊದಲ ವಿಮಾನದಲ್ಲೇ ಹನ್ನೊಂದು ಗಂಟೆಯ ಹಾರಾಟ. ನಮ್ಮದು ಹಿಂದಿನ ಸಾಲು, ಮಧ್ಯದ ಸೀಟುಗಳು. ಆಯಿಯ ಮೊಣಕಾಲು ಮುಂದಿನ ಸೀಟಿಗೆ ತಾಗುತ್ತಿತ್ತು, ಪಾದ ಬಾತು ಚಪ್ಪಲಿ ಹಿಡಿಯುತ್ತಿರಲಿಲ್ಲ. ಮುಂದೆ ಒಂದು ಪರದೆ, ಅದರಾಚೆ ಕಾಲು ಚಾಚಿ ಮಲಗುವ ಜನ. ಆ ಪರದೆಯ ವಿರುದ್ಧ ನಾನು ಮನಸ್ಸಿನಲ್ಲೇ ಕರಪತ್ರ ಬರೆಯುತ್ತಿದ್ದೆ.

ನಮ್ಮ ಊಟ ಎಲ್ಲರಿಗಿಂತ ಮೊದಲು ಬಂತು, ಮುಚ್ಚಳದ ಮೇಲೆ ಸೀಟಿನ ನಂಬರಿನ ಚೀಟಿ. ಆಯಿ ಸಂಕೋಚಪಟ್ಟಳು. “ನಮಗಷ್ಟ ಯಾಕ ಮೊದಲ ಕೊಟ್ರ? ನಾವೇನ್ ದೇಸಾಯರ?” ಎಂದಳು. ಗಗನಸಖಿಗೆ ಕನ್ನಡ ಬರುತ್ತದೆಯೋ ಇಲ್ಲವೋ ಎಂಬ ಯೋಚನೆಯೇ ಇಲ್ಲದೆ, “ಮೊದಲ ಸಣ್ಣ ಕೂಸುಗೋಳಿಗೆ ಕೊಡವಾ ತಂಗಿ” ಎಂದು ಹೇಳಿದಳು. ಆಮೇಲೆ ಲೋಟದ ನೀರಿನಲ್ಲಿ ಬೆರಳು ತೊಳೆದು, ಕೊರಳಿನ ಕರಡಿಗೆ ಬಿಚ್ಚಿ, ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ದೃಷ್ಟಿ ನೆಟ್ಟಳು. ಪಕ್ಕದವನು ಹಾಡು ಕೇಳುವುದನ್ನು ನಿಲ್ಲಿಸಿ ನೋಡಿದ.

ಪೂಜೆ ಮುಗಿಸಿ ಉಣ್ಣಲು ಕುಳಿತಳು. ಅನ್ನ, ಕಂದು ಬಣ್ಣದ ಗಟ್ಟಿ ಸಾರು, ಅದರಲ್ಲಿ ತುಂಡುಗಳು. “ಇದ ಯಾವ ಕಾಯಿ? ನಾರ ನಾರ ಐತಲ್ಲ” ಎಂದು ಕೇಳಿದಳು. “ಸೋಯಾ ಆಯಿ” ಎಂದೆ. “ಖಾರ ಇಲ್ಲ, ಉಪ್ಪಿಲ್ಲ, ರೋಗಿಷ್ಟರ ಅಡಗಿ” ಎಂದು ಬೈಯುತ್ತಲೇ ತಿಂದಳು. ಅನ್ನ ಚೆಲ್ಲಬಾರದೆಂದು ತಳ ಬಳಿದಳು.

ತಟ್ಟೆ ಒಯ್ಯಲು ಬಂದ ಗಗನಸಖಿಯನ್ನು ಕೇಳಿದಾಗ ನನಗೆ ತಿಳಿಯಿತು. ಕೋಳಿ. ಹಿಂದೂ ಊಟವೆಂದರೆ ದನದ ಮಾಂಸ ಇರುವುದಿಲ್ಲ ಎಂದಷ್ಟೇ ಅರ್ಥವಂತೆ, ಸಸ್ಯಾಹಾರವೇ ಬೇರೆಯಂತೆ. ಪಟ್ಟಿ ತಂದು ತೋರಿಸಿದಳು. ನನ್ನ ಇಂಗ್ಲಿಷನ್ನು ಸಹಿಸಿಕೊಂಡು ಎರಡು ಸಲ ಕ್ಷಮೆ ಕೇಳಿದಳು. ಅವಳ ತಪ್ಪು ಯಾವುದೂ ಇರಲಿಲ್ಲ. ನಿನ್ನ ಕರಪತ್ರದಲ್ಲಿ ಅವಳು ‘ಬಂಡವಾಳಶಾಹಿಯ ನಗುಮುಖದ ದಾಸಿ’.

ಆಯಿಗೆ ಇವತ್ತಿಗೂ ಗೊತ್ತಿಲ್ಲ. ಆಕ್ಲೆಂಡಿನಲ್ಲಿ ಎರಡು ತಾಸು ಹಾಡಿದಳು. ಈಗ ಊರವರಿಗೆಲ್ಲ ಮೋಡದ ಮೇಲೆ ಲಿಂಗಪೂಜೆ ಮಾಡಿದ ಕಥೆ ಹೇಳುತ್ತಾಳೆ. ಗೊತ್ತಾದ ದಿನ ಅವಳು ಅಂಗೈ ಮೇಲೆ ಲಿಂಗ ಇಟ್ಟುಕೊಳ್ಳುವುದಿಲ್ಲ. ಪೂಜೆಯಿಲ್ಲದೆ ಅನ್ನ ಮುಟ್ಟುವುದಿಲ್ಲ. ಆಮೇಲೆ ಎಷ್ಟು ದಿನ ಎಂದು ನೀನೇ ಯೋಚಿಸು. ಶರಣರಿಗೆ ಪ್ರಾಯಶ್ಚಿತ್ತವಿಲ್ಲ, ಅದು ವೈದಿಕರ ಕಂದಾಚಾರ ಎಂದು ಅವಳಿಗೆ ಓದಿ ಹೇಳಿದವರು ನಾವೇ. ಆ ಬಾಗಿಲನ್ನೂ ನಾವೇ ಮುಚ್ಚಿದ್ದೇವೆ.

ಸತ್ಯ ಎಲ್ಲರಿಗೂ ಸೇರಿದ್ದು ಎಂದು ನೀನು ವಾದಿಸುತ್ತೀ. ಆ ಸಾಲು ನನ್ನದೇ, ಹೋದ ವರ್ಷದ ಕರಪತ್ರದ್ದು. ವಾಪಸ್ ತೆಗೆದುಕೊಂಡಿದ್ದೇನೆ.

ಇನ್ನು ನನ್ನ ಹೆಸರನ್ನು ಯಾವ ಹಾಳೆಯ ಕೆಳಗೂ ಹಾಕಬೇಡ.

ದಾನೇಶ್ವರಿ

ತಾ.ಕ.: ಮೇಲೆ ಒಂದು ಕಡೆ ಮತ್ತೆ ಸುಳ್ಳು ಬರೆದಿದ್ದೇನೆ. ಗಗನಸಖಿ ಹೇಳುವ ಮೊದಲೇ ನನಗೆ ಗೊತ್ತಿತ್ತು. ಆಯಿ ಲಿಂಗದಲ್ಲಿ ದೃಷ್ಟಿ ನೆಟ್ಟಿದ್ದಾಗ ಹಸಿವು ತಾಳದೆ ನಾನು ಒಂದು ತುತ್ತು ತಿಂದಿದ್ದೆ. ಬೆಳಗಾವಿಯ ನಿನ್ನ ಕೋಣೆಯಲ್ಲಿ, ನಮಗೆ ಜಾತಿಯಿಲ್ಲವೆಂದು ತೋರಿಸಲು ಇಬ್ಬರೂ ಒಂದೇ ತಟ್ಟೆಯಲ್ಲಿ ಕೋಳಿ ತಿಂದೆವಲ್ಲ, ಅದೇ ರುಚಿ. ತಿನ್ನಬೇಡ ಎಂದಿದ್ದರೆ “ನಿನಗ ಹೆಂಗ ಗೊತ್ತಾತು?” ಎಂದು ಆಯಿ ಕೇಳುತ್ತಿದ್ದಳು. ಅದಕ್ಕೆ ಸೋಯಾ ಎಂದೆ.