ಪಟ್ಟಿಯಲ್ಲಿ ಇಲ್ಲದ ಹೆಸರು

ಏಪ್ರಿಲ್ 12, ಬುಧವಾರ. ಟಿಳಕವಾಡಿ.

ಪಕ್ಷ ನನಗೆ ಟಿಕೆಟ್ ಕೊಡಲಿಲ್ಲ. ಐದು ವರ್ಷ ಖಾನಾಪುರದ ಶಾಸಕಿಯಾಗಿದ್ದೆ. ಕಾಡಂಚಿನ ಹಳ್ಳಿಗಳಿಗೆ ಸೇತುವೆ ಯಾವಾಗ ಎಂದು ಸದನದಲ್ಲಿ ನಮ್ಮದೇ ಸಚಿವರನ್ನು ಕೇಳಿದ್ದು ತಪ್ಪಾಯಿತಂತೆ.

ಬೆಳಿಗ್ಗೆ ಪಕ್ಷದ ಜಿಲ್ಲಾಧ್ಯಕ್ಷ ಪದ್ಮಾಕರ ಮನೆಗೆ ಬಂದರು. "ಈ ಸಲ ಸುಮ್ಮ ಕುಂದರ್ರಿ ಅಕ್ಕಾರ, ನಿಮಗೊಂದು ನಿಗಮ ಕೊಡಸ್ತೀವಿ," ಎಂದರು. ಚಹಾ ಕೊಟ್ಟು ಕಳಿಸಿದೆ.

ಮಧ್ಯಾಹ್ನ ಖಾನಾಪುರಕ್ಕೆ ಹೋದಾಗ ಕಚೇರಿಯ ಮುಂದೆ ಜನ ಸೇರಿದ್ದರು. ಕಾಡಂಚಿನ ಹಳ್ಳಿಯ ಗೌರವ್ವ ಬಂದು ನನ್ನ ಕೈ ಹಿಡಿದಳು. ಹೋದ ಮಳೆಗಾಲದಲ್ಲಿ ಹೆರಿಗೆ ನೋವು ತಿನ್ನುತ್ತಿದ್ದ ಸೊಸೆಯನ್ನು ಕಂಬಳಿಯಲ್ಲಿ ಹೊತ್ತು ತುಂಬಿದ ಹಳ್ಳ ದಾಟಿಸಿದವಳು ಅವಳು. ಕೂಸು ಉಳಿಯಲಿಲ್ಲ.

"ಓಟಿನ ಗುರ್ತು ಯಾವುದಾದ್ರೇನವ್ವಾ? ನಿನ್ನ ಮಾರಿ ನಮಗ ಗೊತ್ತೈತಿ. ನೀ ನಿಂದ್ರು," ಎಂದಳು.

ಅಲ್ಲಿಂದಲೇ ಪದ್ಮಾಕರರಿಗೆ ಫೋನ್ ಮಾಡಿದೆ. "ಪಕ್ಷೇತರ ನಿಂದ್ರತೀನ್ರಿ."

"ಸೋಲ್ತೀರಿ ಅಕ್ಕಾರ."

"ಸೋತ್ರ ಸೋಲ್ತೀನಿ. ನಿಮ್ಮ ನಿಗಮದಾಗ ಬಾಯಿ ಮುಚ್ಕೊಂಡು ಕುಂದ್ರೂದಿಲ್ಲ."

ಅವರು ಫೋನ್ ಇಟ್ಟರು. ನಾಳೆ ನಾಮಪತ್ರ. ಸೂಚಕರಲ್ಲಿ ಮೊದಲ ಹೆಸರು ಗೌರವ್ವನದು.